ಶಾಫ್ಟ್ ಡ್ರೈವ್ ಬೈಕಿನಲ್ಲಿ ಗುಂಯ್‌ಗುಡುವ ಸದ್ದು: ಮೂಲ ಪತ್ತೆ ಮಾಡುವ ಕ್ರಮ

ಚೈನಿನ ಬದಲು ತಿರುಗುವ ದಂಡದಿಂದ, ಅಂದರೆ ಶಾಫ್ಟಿನಿಂದ, ಹಿಂಚಕ್ರಕ್ಕೆ ಶಕ್ತಿ ಹೋಗುವ ಶಾಫ್ಟ್ ಡ್ರೈವ್ ಮೋಟಾರ್‌ಸೈಕಲ್‌ನಲ್ಲಿ ಚೈನಿನ ಗಲಾಟೆ ಇಲ್ಲದಿರುವುದರಿಂದ, ಹಿಂಚಕ್ರದ ಕಡೆಯಿಂದ ಹೊಸದಾಗಿ ಹೊರಟ ಸಣ್ಣ ‘ಗುಂಯ್’ ಎಂಬ ಸದ್ದು ಕೂಡ ಸವಾರನಿಗೆ ಬೇಗ ಕೇಳಿಸುತ್ತದೆ. ಒಮ್ಮೆ ಕೇಳಿಸಿದ ಮೇಲೆ ಮನಸ್ಸಿನಿಂದ ಸುಲಭವಾಗಿ ಹೋಗುವುದೂ ಇಲ್ಲ. ಆಗ ಬಹಳಷ್ಟು ಜನ ಹಿಂಚಕ್ರದ ಗಿಯರ್ ಪೆಟ್ಟಿಗೆಯನ್ನು, ಅಂದರೆ ಫೈನಲ್ ಡ್ರೈವನ್ನು, ಅನುಮಾನಿಸಿ ನೇರವಾಗಿ ಬಿಚ್ಚಿಸಲು ಹೊರಡುತ್ತಾರೆ. ಈ ಆತುರ ದುಬಾರಿಯಾಗುತ್ತದೆ. ಅದರೊಳಗಿನ ದೊಡ್ಡ ಗಿಯರಾದ ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗಿಯರಾದ ಪಿನಿಯನ್ ಇವುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಹೊಂದಿಸಿ, ತೆಳುವಾದ ಲೋಹದ ಬಿಲ್ಲೆಗಳಾದ ಶಿಮ್‌ಗಳನ್ನಿಟ್ಟು ಅವುಗಳ ಸ್ಥಾನವನ್ನು ನಿಗದಿ ಮಾಡಿರುತ್ತಾರೆ. ಸರಿಯಾಗಿದ್ದ ಪೆಟ್ಟಿಗೆಯನ್ನು ಬಿಚ್ಚಿ, ಅಳತೆಯಿಲ್ಲದೆ ಮತ್ತೆ ಜೋಡಿಸಿದರೆ ಮೊದಲು ಇಲ್ಲದಿದ್ದ ಸದ್ದು ಆಮೇಲೆ ಹುಟ್ಟಿಕೊಳ್ಳಬಹುದು.

ಸದ್ದು ಹೇಗಿದೆ ಎಂಬುದಕ್ಕಿಂತ ಅದು ಯಾವುದರ ಬೆನ್ನು ಹಿಡಿದು ಏರಿಳಿಯುತ್ತದೆ ಎಂಬುದನ್ನು ಗಮನಿಸುವುದೇ ಈ ಪತ್ತೆ ಕಾರ್ಯದ ಜೀವಾಳ. ಎಂಜಿನ್ನಿನ ಸುತ್ತುಗಳ ಬೆನ್ನಿಗಿದೆಯೇ, ಬೈಕಿನ ವೇಗದ ಬೆನ್ನಿಗಿದೆಯೇ, ಅಥವಾ ಥ್ರಾಟಲ್ ಕೊಟ್ಟಾಗ ಮತ್ತು ಬಿಟ್ಟಾಗ ಬದಲಾಗುವ ಹೊರೆಯ ಬೆನ್ನಿಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ, ಒಂದು ಸ್ಪ್ಯಾನರ್ ಕೂಡ ಹಿಡಿಯದೆ ಅನುಮಾನದ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಸದ್ದು ಹುಟ್ಟಬಹುದಾದ ಜಾಗಗಳು

ಮೊದಲು ನಿಮ್ಮ ಬೈಕಿನಲ್ಲಿ ಶಕ್ತಿ ಹರಿಯುವ ದಾರಿಯನ್ನು ತಿಳಿದುಕೊಳ್ಳಿ. ಎಂಜಿನ್ನಿನಿಂದ ಕ್ಲಚ್, ಕ್ಲಚ್ಚಿನಿಂದ ಗಿಯರ್‌ಬಾಕ್ಸ್, ಅಲ್ಲಿಂದ ಬಾಗಿದ ಕೋನದಲ್ಲೂ ತಿರುಗಬಲ್ಲ ಕೀಲಾದ ಯುನಿವರ್ಸಲ್ ಜಾಯಿಂಟ್ ಮೂಲಕ ಶಾಫ್ಟ್, ಶಾಫ್ಟಿನ ತುದಿಯಲ್ಲಿ ಪಿನಿಯನ್, ಪಿನಿಯನ್‌ಗೆ ಕಚ್ಚಿಕೊಂಡ ಕ್ರೌನ್, ಕೊನೆಗೆ ಚಕ್ರ. ಬಿಎಂಡಬ್ಲ್ಯು 1923ರ ಆರ್32ರಿಂದ ಬಳಸುತ್ತ ಬಂದ ಬಾಕ್ಸರ್ ವಿನ್ಯಾಸ, ಮೋಟೊ ಗುಝ್ಝಿಯ ವಿ-ಟ್ವಿನ್, 1975ರಿಂದ ಬಂದ ಹೋಂಡಾ ಗೋಲ್ಡ್ ವಿಂಗ್ ಮುಂತಾದವುಗಳಲ್ಲಿ ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಬೈಕಿನ ಉದ್ದಕ್ಕೇ ಇರುವುದರಿಂದ, ತಿರುಗುವಿಕೆ ಲಂಬ ಕೋನದಲ್ಲಿ ತಿರುವು ಪಡೆಯುವುದು ಹಿಂಚಕ್ರದ ಬಳಿ ಒಂದೇ ಒಂದು ಸಲ. ಕ್ರ್ಯಾಂಕ್ ಅಡ್ಡಲಾಗಿರುವ ಎಂಜಿನ್‌ಗಳಲ್ಲಿ, ಉದಾಹರಣೆಗೆ ಯಮಾಹಾದ ಎಕ್ಸ್‌ಎಸ್1100 ಅಥವಾ ಎಫ್‌ಜೆಆರ್1300ರಲ್ಲಿ, ಗಿಯರ್‌ಬಾಕ್ಸಿನಿಂದ ಹೊರಬೀಳುವಾಗ ಒಂದು ತಿರುವು, ಚಕ್ರದ ಬಳಿ ಇನ್ನೊಂದು ತಿರುವು ಇರುತ್ತದೆ. ಮುಂದಿನ ಈ ಜೋಡಿಯನ್ನು ಮಿಡ್ಲ್ ಗಿಯರ್ ಎನ್ನುತ್ತಾರೆ. ಕೆಲವು ಬೈಕುಗಳಲ್ಲಿ ಎಂಜಿನ್ ಆಯಿಲೇ ಅದಕ್ಕೂ ಸಾಕಾಗುತ್ತದೆ. ಎಕ್ಸ್‌ಎಸ್1100ರಂಥ ಬೈಕುಗಳಲ್ಲಿ ಅದಕ್ಕೆ ಪ್ರತ್ಯೇಕ ಆಯಿಲ್ ಹಾಕಬೇಕು. ಹೀಗೆ ಬೇರೆ ಆಯಿಲ್ ಇದೆ ಎಂಬ ಸಂಗತಿಯೇ ಗೊತ್ತಿಲ್ಲದೆ ವರ್ಷಗಟ್ಟಲೆ ಓಡಿಸಿದ ಬೈಕುಗಳಲ್ಲಿ ಸದ್ದಿನ ಮೂಲ ಹಿಂಚಕ್ರದ ಹತ್ತಿರ ಇರದೇ ಇರಬಹುದು.

ಹಾಗೆಯೇ, ಎಲ್ಲ ಗುಂಯ್‌ಗುಡುವಿಕೆಯೂ ರೋಗವಲ್ಲ. ಹಲ್ಲುಗಳು ನೇರವಾಗಿರುವ ಗಿಯರ್‌ಗಳು ಸಹಜವಾಗಿಯೇ ಹಾಡುತ್ತವೆ. ಕ್ರೌನ್-ಪಿನಿಯನ್ ಹಲ್ಲುಗಳು ಬಾಗಿದ್ದು ಒಂದರ ನಂತರ ಒಂದು ಮೆತ್ತಗೆ ಕಚ್ಚಿಕೊಳ್ಳುವುದರಿಂದ ಸದ್ದು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಅಡಗುವುದಿಲ್ಲ. ಬೈಕ್ ಹೊಸದಾಗಿದ್ದಾಗಿನಿಂದ ಒಂದೇ ವೇಗದಲ್ಲಿ, ಒಂದೇ ಸ್ವರದಲ್ಲಿ, ಒಂದೇ ಮಟ್ಟದಲ್ಲಿ ಕೇಳಿಸುತ್ತಿರುವ ಸದ್ದನ್ನು ಅದರ ಪಾಡಿಗೆ ಬಿಡಬಹುದು. ಹೊಸದಾಗಿ ಹುಟ್ಟಿದ, ದಿನದಿಂದ ದಿನಕ್ಕೆ ಬಲಿಯುತ್ತಿರುವ ಅಥವಾ ‘ಗುಂಯ್’ ಎಂಬುದರಿಂದ ‘ಗೊರಗೊರ’ಕ್ಕೆ ತಿರುಗಿದ ಸದ್ದನ್ನು ಮಾತ್ರ ಬೆನ್ನಟ್ಟಬೇಕು.

ರಸ್ತೆಗಿಳಿಯುವ ಮೊದಲು

ಓಡಿಸಿ ನೋಡುವ ಪರೀಕ್ಷೆಗೆ ಮುಂಚೆ ಬೈಕ್ ಓಡಿಸಲು ಯೋಗ್ಯವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ ಎಂದೇ ಹೇಳುತ್ತೇನೆ. ಫೈನಲ್ ಡ್ರೈವಿನ ಬೇರಿಂಗ್ ಪುಡಿಯಾಗಿ ಗಿಯರ್ ಹಲ್ಲುಗಳ ನಡುವೆ ಚೂರು ಸಿಕ್ಕಿಕೊಂಡರೆ ಹಿಂಚಕ್ರ ಒಮ್ಮೆಲೇ ಬಿಗಿದು ನಿಲ್ಲಬಹುದು. ಎಂಜಿನ್ ಜಾಮ್ ಆದಾಗ ಕ್ಲಚ್ ಹಿಡಿದರೆ ಚಕ್ರ ಬಿಡುಗಡೆಯಾಗುತ್ತದೆ. ಫೈನಲ್ ಡ್ರೈವ್ ಜಾಮ್ ಆದಾಗ ಕ್ಲಚ್ಚಿನಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ತೊಂದರೆ ಇರುವುದು ಕ್ಲಚ್ ಮತ್ತು ಗಿಯರ್‌ಬಾಕ್ಸ್ ಎರಡನ್ನೂ ದಾಟಿದ ಮೇಲೆ.

ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಅಥವಾ ಭದ್ರವಾದ ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಇರುವಾಗಲೇ ಹಿಂಚಕ್ರವನ್ನು ಮೇಲೂ ಕೆಳಗೂ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ, ಎರಡು ಕೈಯಲ್ಲಿ ಹಿಡಿದು ಒಂದು ಕೈಯಿಂದ ಎಳೆಯುತ್ತ ಇನ್ನೊಂದರಿಂದ ತಳ್ಳಿ. ಆಮೇಲೆ 9 ಮತ್ತು 3ರ ಜಾಗದಲ್ಲಿ ಹಾಗೆಯೇ ಮಾಡಿ. ಕೈಗೆ ‘ಟಕ್’ ಎಂದು ತಾಗುವಷ್ಟು ಅಲುಗಾಟ ಇದ್ದರೆ ಇನ್ನೊಬ್ಬರು ಫೈನಲ್ ಡ್ರೈವ್ ಮತ್ತು ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮ್ ಕೂಡುವ ಸಂದಿಯ ಮೇಲೆ ಬೆರಳಿಟ್ಟು ಆ ಅಲುಗಾಟ ಎಲ್ಲಿಂದ ಬರುತ್ತಿದೆ ಎಂದು ನೋಡಲಿ. ಚಕ್ರ ಮಾತ್ರ ಅಲುಗಿ ಪೆಟ್ಟಿಗೆ ನಿಶ್ಚಲವಾಗಿದ್ದರೆ ಕ್ರೌನ್ ಬೇರಿಂಗಿನದು, ಚಕ್ರದ ಬೇರಿಂಗಿನದು ಅಥವಾ ಚಕ್ರದ ಬೋಲ್ಟುಗಳದು ತಪ್ಪು. ಚಕ್ರದ ಜೊತೆ ಪೆಟ್ಟಿಗೆಯೂ ಅಲುಗಿದರೆ ಆ ತೋಳು ತಿರುಗಾಡುವ ಕೀಲಿನ, ಅಂದರೆ ಪಿವಟ್‌ನ, ಬೇರಿಂಗುಗಳದು. ಬಿಎಂಡಬ್ಲ್ಯು 1987ರಲ್ಲಿ ತಂದ ಪ್ಯಾರಾಲಿವರ್‌ನಂಥ ವ್ಯವಸ್ಥೆಯಲ್ಲಿ ಫೈನಲ್ ಡ್ರೈವಿಗೂ ಸ್ವಿಂಗ್‌ಆರ್ಮಿಗೂ ನಡುವೆ ಇನ್ನೊಂದು ಪಿವಟ್ ಇರುವುದರಿಂದ ಈ ವ್ಯತ್ಯಾಸವನ್ನು ಗುರುತಿಸುವುದು ಮುಖ್ಯ.

ಚಕ್ರದ ಕಡೆಯ ದೊಡ್ಡ ಸೀಲಿನ ಸುತ್ತ ಆಯಿಲ್ ಸೋರಿಕೆ ಇದೆಯೇ ಎಂದೂ ನೋಡಿ. ಸೀಲ್ ಹರಿದದ್ದು ಕಾರಣವಾಗಿರಬಹುದು ಅಥವಾ ಬೇರಿಂಗ್ ಸವೆದು ಶಾಫ್ಟ್ ಓಲಾಡುತ್ತಿರುವುದರ ಪರಿಣಾಮವಾಗಿರಬಹುದು. ಆಯಿಲ್ ಟೈರಿನ ಮೇಲೆ ಅಥವಾ ಬ್ರೇಕ್ ಡಿಸ್ಕಿನ ಮೇಲೆ ಹರಿದಿದ್ದರೆ ಬೈಕನ್ನು ಓಡಿಸಕೂಡದು. ಗಮನಿಸಬಹುದಾದಷ್ಟು ಅಲುಗಾಟ, ಸೋರಿಕೆ, ಚಕ್ರ ತಿರುಗಿಸುವಾಗ ಒರಟಾಗಿ ತಡೆತಡೆದು ಬರುವುದು ಇವುಗಳಲ್ಲಿ ಯಾವುದೊಂದು ಇದ್ದರೂ ರಸ್ತೆಯ ಪರೀಕ್ಷೆಯನ್ನು ಬಿಟ್ಟು ಆಯಿಲ್ ಪರೀಕ್ಷೆಗೆ ಹೋಗಿ.

ರಸ್ತೆಯ ಮೇಲಿನ ಪರೀಕ್ಷೆ

ವಾಹನ ಸಂಚಾರ ಕಡಿಮೆ ಇರುವ, ಸಮತಟ್ಟಾದ, ನುಣುಪಾದ ರಸ್ತೆಯನ್ನು ಆರಿಸಿಕೊಳ್ಳಿ. ಹತ್ತು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಪರೀಕ್ಷೆ ಆರಂಭಿಸಿ. ತಣ್ಣಗಿನ ಗಟ್ಟಿ ಆಯಿಲ್ ಸದ್ದನ್ನು ಮುಚ್ಚಿಡುತ್ತದೆ. ಗಾಳಿಯ ಸದ್ದನ್ನು ಕಡಿಮೆ ಮಾಡುವ ಇಯರ್‌ಪ್ಲಗ್ ಹಾಕಿಕೊಂಡರೆ ಯಂತ್ರದ ಸದ್ದು ಇನ್ನೂ ಸ್ಪಷ್ಟವಾಗುತ್ತದೆ. ವಿಂಡ್‌ಸ್ಕ್ರೀನಿನ ಅಂಚು ಮತ್ತು ಹೆಲ್ಮೆಟ್ಟಿನ ಗಾಳಿಕಿಂಡಿಗಳು ಮಾಡುವ ಶಿಳ್ಳೆ ಗಿಯರ್ ಸದ್ದನ್ನು ಎಷ್ಟೋ ಸಲ ಹೋಲುತ್ತದೆ. ಒಂದು ಕ್ಷಣ ತಲೆ ತಗ್ಗಿಸಿದಾಗ ಸ್ವರ ಬದಲಾದರೆ ಅದು ಗಾಳಿಯದು.

ಗಂಟೆಗೆ 60 ಕಿಲೋಮೀಟರ್‌ನಂಥ ಒಂದು ಸ್ಥಿರ ವೇಗದಲ್ಲಿ ಸದ್ದು ಚೆನ್ನಾಗಿ ಕೇಳಿಸುವಂತೆ ಮಾಡಿಕೊಂಡು, ಅದೇ ವೇಗವನ್ನು ಕಾಯ್ದುಕೊಳ್ಳುತ್ತ ಮೂರನೇ, ನಾಲ್ಕನೇ, ಐದನೇ ಗಿಯರ್‌ಗಳಲ್ಲಿ ಓಡಿಸಿ. ಎಂಜಿನ್ನಿನ ಸುತ್ತುಗಳು ಬದಲಾದರೂ ಸದ್ದಿನ ಸ್ವರ ಬದಲಾಗದಿದ್ದರೆ ಅದು ಗಿಯರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನಿಂದ ಹಿಂದಕ್ಕೆ, ಅಂದರೆ ಮಿಡ್ಲ್ ಗಿಯರ್, ಶಾಫ್ಟ್, ಫೈನಲ್ ಡ್ರೈವ್, ಚಕ್ರ, ಟೈರ್ ಇವುಗಳಲ್ಲಿ ಎಲ್ಲೋ ಇದೆ. ಗಿಯರ್ ಬದಲಾದಂತೆ ಸ್ವರವೂ ಏರಿಳಿದರೆ ಅದು ಎಂಜಿನ್, ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಸಾಗಿಸುವ ಪ್ರೈಮರಿ ಗಿಯರ್ ಅಥವಾ ಗಿಯರ್‌ಬಾಕ್ಸಿನದು. ಒಂದೇ ಒಂದು ಗಿಯರ್‌ನಲ್ಲಿ ಮಾತ್ರ ಕೇಳಿಸಿ ಉಳಿದವುಗಳಲ್ಲಿ ಮಾಯವಾದರೆ ಗಿಯರ್‌ಬಾಕ್ಸಿನೊಳಗಿನ ಆ ಒಂದು ಜೋಡಿಯ ಮೇಲೆ ಅನುಮಾನ ಪಡಬೇಕು. ಇಷ್ಟು ಸರಳ ಪರೀಕ್ಷೆಯನ್ನು ಮಾಡದೆ ಫೈನಲ್ ಡ್ರೈವ್ ಬದಲಿಸಿದ ಮೇಲೂ ಸದ್ದು ಹಾಗೆಯೇ ಉಳಿದರೆ ಆಗುವ ನಿರಾಶೆ ಸಣ್ಣದಲ್ಲ.

ಎಂಜಿನ್ ಕಡೆಯದೆಂದು ತೋರಿದರೆ ಬೈಕ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಅದೇ ಸುತ್ತಿಗೆ ಎಂಜಿನ್ ಏರಿಸಿ ಕೇಳಿ. ಸದ್ದು ಇದ್ದು ಕ್ಲಚ್ ಹಿಡಿದಾಗ ನಿಂತರೆ ಗಿಯರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್, ಕ್ಲಚ್ ಹಿಡಿದಾಗ ಮಾತ್ರ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್, ಕ್ಲಚ್ಚಿಗೆ ಸೊಪ್ಪು ಹಾಕದೆ ಒಂದೇ ಸಮನೆ ಇದ್ದರೆ ಪ್ರೈಮರಿ ಗಿಯರ್, ಆಲ್ಟರ್ನೇಟರ್, ಕ್ಯಾಮ್ ಚೈನ್ ಕಡೆ ಗಮನ ಹರಿಸಬೇಕು.

ಈಗ ಹೊರೆಯ ಪ್ರಶ್ನೆ. ಅದೇ ವೇಗದಲ್ಲಿ ಮೆಲ್ಲಗೆ ಥ್ರಾಟಲ್ ಕೊಟ್ಟು ಎಳೆಯುವಂತೆ ಮಾಡಿ. ಆಮೇಲೆ ಥ್ರಾಟಲ್ ಬಿಟ್ಟು ಎಂಜಿನ್ನೇ ಬೈಕನ್ನು ಹಿಡಿದಿಡುವಂತೆ ಮಾಡಿ. ಕೊನೆಗೆ ಎರಡೂ ಅಲ್ಲದ ನಡುವಣ ಸ್ಥಿತಿಯಲ್ಲಿ, ಬೈಕ್ ಎಳೆಯದೆಯೂ ತಡೆಯದೆಯೂ ತೇಲುವಂತೆ, ಥ್ರಾಟಲ್ಲನ್ನು ಹಿಡಿದಿಡಿ. ಥ್ರಾಟಲ್ ಕೊಟ್ಟಾಗ ಗಿಯರ್ ಹಲ್ಲಿನ ಒಂದು ಮೈ ಹೊರೆ ಹೊರುತ್ತದೆ, ಬಿಟ್ಟಾಗ ಇನ್ನೊಂದು ಮೈ. ಆದ್ದರಿಂದ ಥ್ರಾಟಲ್ ಕೊಟ್ಟಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಗುಂಯ್‌ಗುಟ್ಟಿದರೆ ಕ್ರೌನ್-ಪಿನಿಯನ್ ಹಲ್ಲುಗಳ ಕಚ್ಚುವಿಕೆಯ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಬಿಟ್ಟಾಗಿನ ಸದ್ದು ಬಲವಾಗಿದ್ದರೆ ಪಿನಿಯನ್ ಬೇರಿಂಗ್ ಸಡಿಲಗೊಂಡು ಪಿನಿಯನ್ ಹಿಂದೆ ಮುಂದೆ ಸರಿಯುತ್ತಿರುವ ಸಾಧ್ಯತೆಯನ್ನೂ ಸೇರಿಸಿಕೊಳ್ಳಿ. ಥ್ರಾಟಲ್ ಏನೇ ಮಾಡಿದರೂ ಒಂದೇ ರೀತಿ ಕೇಳಿಸುವ ಸದ್ದು ಹೆಚ್ಚಾಗಿ ಬೇರಿಂಗ್ ಅಥವಾ ಟೈರಿನದು.

ಟೈರನ್ನು ಬೇರ್ಪಡಿಸಲು ರಸ್ತೆಯೇ ಸಹಾಯ ಮಾಡುತ್ತದೆ. ನುಣುಪು ಡಾಂಬರಿನಿಂದ ಒರಟು ಡಾಂಬರಿಗೋ ಕಾಂಕ್ರೀಟಿಗೋ ದಾಟುವಾಗ ಸದ್ದು ಬದಲಾದರೆ ಅದು ಟೈರಿನದು; ಗಿಯರ್ ಹಲ್ಲಿಗೆ ರಸ್ತೆಯ ಮೇಲ್ಮೈ ತಿಳಿಯುವುದಿಲ್ಲ. ಬೈಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಓಲಿಸಿ ನೋಡುವುದೂ ಉಪಯುಕ್ತ, ಆದರೆ ಇಲ್ಲಿ ಕಾರಿನ ಅನುಭವವನ್ನು ಬೈಕಿಗೆ ಅನ್ವಯಿಸಬಾರದು. ಕಾರು ತಿರುಗುವಾಗ ಚಕ್ರದ ಬೇರಿಂಗಿನ ಮೇಲೆ ಪಕ್ಕದಿಂದ ಹೊರೆ ಬೀಳುವುದರಿಂದ ತಿರುವಿನಲ್ಲಿ ಬದಲಾಗುವ ಸದ್ದು ಬೇರಿಂಗನ್ನು ತೋರಿಸಿಕೊಡುತ್ತದೆ. ಬೈಕು ತಿರುವಿಗೆ ತಕ್ಕಷ್ಟು ವಾಲುತ್ತದಾದ್ದರಿಂದ ಒಟ್ಟು ಹೊರೆ ಹೆಚ್ಚುಕಡಿಮೆ ಬೈಕಿನ ಸಮತಲದಲ್ಲಿಯೇ ಇಳಿಯುತ್ತದೆ, ಬೇರಿಂಗಿಗೆ ಪಕ್ಕದ ಹೊರೆ ಅಷ್ಟಾಗಿ ಬೀಳುವುದಿಲ್ಲ. ನೆಲಕ್ಕೆ ತಾಗುವ ಟೈರಿನ ಭಾಗ ಮಾತ್ರ ಬದಲಾಗುತ್ತದೆ. ಹಾಗಾಗಿ ಬೈಕಿನಲ್ಲಿ ವಾಲಿದಾಗ ಬದಲಾಗುವ ಸದ್ದಿಗೆ ಮೊದಲ ಆರೋಪಿ ಟೈರೇ. ಏರುಪೇರಾಗಿ ಸವೆದ ಟೈರಿನ ಮೇಲೆ ಅಂಗೈಯನ್ನು ತಿರುಗುವ ದಿಕ್ಕಿಗೊಮ್ಮೆ, ಅದರ ವಿರುದ್ಧ ದಿಕ್ಕಿಗೊಮ್ಮೆ ಸವರಿದರೆ ಒಂದು ಕಡೆಗೆ ನುಣುಪಾಗಿಯೂ ಇನ್ನೊಂದು ಕಡೆಗೆ ಗರಗಸದಂತೆ ಮೊನಚಾಗಿಯೂ ತಾಗುತ್ತದೆ.

ವೇಗದಲ್ಲಿ ಕ್ಲಚ್ ಹಿಡಿದು ಕೇಳುವ ಪರೀಕ್ಷೆಯನ್ನು ಹಲವರು ಹೇಳುತ್ತಾರೆ. ಅದರಿಂದ ಎಂಜಿನ್ನಿನ ಸದ್ದು ಹೊರಗುಳಿಯುತ್ತದೆ, ಅಷ್ಟು ಮಟ್ಟಿಗೆ ಸರಿ. ಆದರೆ ಗಿಯರ್ ಹಾಕಿಯೇ ಇರುವುದರಿಂದ ಗಿಯರ್‌ಬಾಕ್ಸಿನೊಳಗಿನ ಚಕ್ರಗಳೆಲ್ಲ ಹಿಂಚಕ್ರದಿಂದಲೇ ತಿರುಗುತ್ತಿರುತ್ತವೆ ಎಂಬುದನ್ನು ಮರೆಯಬಾರದು. ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಪರೀಕ್ಷಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ, ಅದರ ಅಗತ್ಯವೂ ಇಲ್ಲ.

ಸ್ವರದ ಲೆಕ್ಕ

ಕಿವಿಗೆ ಅನುಮಾನ ಉಳಿದರೆ ಲೆಕ್ಕ ಅದನ್ನು ಬಗೆಹರಿಸುತ್ತದೆ, ಮತ್ತು ಈ ಲೆಕ್ಕ ಕಷ್ಟದ್ದಲ್ಲ. ಒಂದು ಜೋಡಿ ಗಿಯರ್ ಒಂದು ಸೆಕೆಂಡಿನಲ್ಲಿ ಎಷ್ಟು ಹಲ್ಲುಗಳನ್ನು ಕಚ್ಚಿ ಬಿಡುತ್ತದೋ ಅದೇ ಅದರ ಗುಂಯ್‌ಕಾರದ ಮೂಲ ಸ್ವರ. ಒಂದು ಉದಾಹರಣೆ ನೋಡೋಣ. ಹಿಂಚಕ್ರದ ಸುತ್ತಳತೆ 2 ಮೀಟರ್, ಕ್ರೌನಿನಲ್ಲಿ 33 ಹಲ್ಲು, ಪಿನಿಯನ್ನಿನಲ್ಲಿ 11 ಹಲ್ಲು ಎಂದಿಟ್ಟುಕೊಳ್ಳಿ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. 33 ಹಲ್ಲುಗಳ ಕ್ರೌನ್ 10 ಸುತ್ತು ತಿರುಗಿದರೆ 330 ಹರ್ಟ್ಸ್. ಅರ್ಧ ವೇಗಕ್ಕೆ ಇಳಿಸಿದರೆ 165 ಹರ್ಟ್ಸ್, ಗಂಟೆಗೆ 108 ಕಿಲೋಮೀಟರ್‌ಗೆ ಏರಿಸಿದರೆ 495 ಹರ್ಟ್ಸ್.

ಅದೇ 72ರ ವೇಗದಲ್ಲಿ ಬೇರೆ ಭಾಗಗಳು ಎಲ್ಲಿ ನಿಲ್ಲುತ್ತವೆ ನೋಡಿ. ಟೈರಿನ ಒಂದು ಉಬ್ಬು ಸುತ್ತಿಗೊಮ್ಮೆ ತಾಗುವುದರಿಂದ 10 ಹರ್ಟ್ಸ್, ಅದು ಸದ್ದಿಗಿಂತ ಹೆಚ್ಚಾಗಿ ಅದುರುವಿಕೆಯಾಗಿ ಗೊತ್ತಾಗುತ್ತದೆ. ಶಾಫ್ಟ್ ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಯುನಿವರ್ಸಲ್ ಜಾಯಿಂಟ್ ಕೋನದಲ್ಲಿ ಕೆಲಸ ಮಾಡುವಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿಯುವುದರಿಂದ ಅದರ ಗುರುತು 60 ಹರ್ಟ್ಸ್. ಬೇರಿಂಗಿನ ಹೊರಬಳೆಯಲ್ಲಿ ಒಂದು ಗುಳಿ ಬಿದ್ದರೆ, ಗುಂಡುಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿ ಅದರ 0.4 ಭಾಗವನ್ನು ತೆಗೆದುಕೊಂಡರೆ ಅಂದಾಜು ಸಿಗುತ್ತದೆ, ಒಳಬಳೆಗೆ 0.6 ಭಾಗ. ಕ್ರೌನ್ ಬೇರಿಂಗಿನಲ್ಲಿ 16 ಗುಂಡುಗಳಿದ್ದರೆ ಹೊರಬಳೆಗೆ 64, ಒಳಬಳೆಗೆ 96 ಹರ್ಟ್ಸ್. ಇಷ್ಟು ಕೆಳಗಿನ ಸ್ವರ ಕಿವಿಗೆ ಗುಂಯ್ ಎನ್ನುವುದಿಲ್ಲ, ಗೊರಗೊರ ಎನ್ನುತ್ತದೆ. ಶುದ್ಧವಾದ, ಹಾಡಿನಂತೆ ಎಳೆದ ಸ್ವರ ಗಿಯರ್ ಹಲ್ಲಿನದು; ಒರಟಾದ, ತಗ್ಗಿನ ಗೊರಗು ಬೇರಿಂಗಿನದು ಎಂಬ ಹಳೆಯ ಮೆಕ್ಯಾನಿಕ್‌ಗಳ ಮಾತಿಗೆ ಈ ಅಂಕಿಗಳೇ ಆಧಾರ.

ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸಿನ ಸ್ವರ ಎಷ್ಟು ಜೋರಾಗಿದೆ ಎಂಬ ನಕ್ಷೆ, ತೋರಿಸುವ ಯಾವುದಾದರೂ ಆ್ಯಪ್ ಹಾಕಿ, ಫೋನನ್ನು ಜೇಬಿನಲ್ಲಿಟ್ಟುಕೊಂಡು ಸ್ಥಿರ ವೇಗದಲ್ಲಿ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ, ನಿಲ್ಲಿಸಿದ ಮೇಲೆ ನೋಡಿ. ಓಡಿಸುತ್ತ ಪರದೆ ನೋಡಬೇಡಿ. ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಹಲ್ಲುಗಳ ಲೆಕ್ಕದಿಂದ ಬಂದ ಅಂಕಿಗೆ ಆ ನಕ್ಷೆಯಲ್ಲಿ ಎದ್ದು ಕಾಣುವ ಶಿಖರ ಕೂಡಿಬಂದರೆ ಇನ್ನು ಅನುಮಾನಕ್ಕೆ ಜಾಗ ಕಡಿಮೆ. ಮಿಡ್ಲ್ ಗಿಯರ್ ಇರುವ ಬೈಕುಗಳಿಗೆ ಈ ಲೆಕ್ಕ ಬಹಳ ಬೆಲೆಯುಳ್ಳದ್ದು, ಏಕೆಂದರೆ ಮಿಡ್ಲ್ ಗಿಯರ್ ಮತ್ತು ಫೈನಲ್ ಡ್ರೈವ್ ಎರಡೂ ಬೈಕಿನ ವೇಗವನ್ನೇ ಹಿಂಬಾಲಿಸುತ್ತವೆ, ಹಲ್ಲುಗಳ ಸಂಖ್ಯೆ ಬೇರೆಯಾದ್ದರಿಂದ ಸ್ವರ ಮಾತ್ರ ಬೇರೆಯಾಗಿರುತ್ತದೆ. ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಹೆಚ್ಚಿನ ವೇಗ ತೋರಿಸುವುದರಿಂದ ಜಿಪಿಎಸ್ ವೇಗವನ್ನು ಬಳಸಿ.

ಸ್ಟ್ಯಾಂಡಿನ ಮೇಲೆ ಕೇಳುವುದು

ಬೈಕ್ ಸ್ಟ್ಯಾಂಡಿನ ಮೇಲಿದ್ದು ಹಿಂಚಕ್ರ ಗಾಳಿಯಲ್ಲಿ ತಿರುಗುವಾಗ ಎರಡು ಎಚ್ಚರ ಬೇಕು. ಸಸ್ಪೆನ್ಷನ್ ಪೂರ್ತಿ ಕೆಳಗಿಳಿದಿರುವುದರಿಂದ ಯುನಿವರ್ಸಲ್ ಜಾಯಿಂಟ್ ತನ್ನ ಅತಿ ಹೆಚ್ಚಿನ ಕೋನದಲ್ಲಿ ತಿರುಗುತ್ತದೆ, ಆಗ ರಸ್ತೆಯ ಮೇಲೆ ಇಲ್ಲದ ಅದುರುವಿಕೆ ಮತ್ತು ಲೊಡಲೊಡ ಸದ್ದು ಕೇಳಿಸುತ್ತದೆ. ಅದನ್ನು ದೋಷವೆಂದು ಬರೆದುಕೊಳ್ಳಬೇಡಿ. ಇನ್ನೊಂದು, ತಿರುಗುವ ಚಕ್ರದ ಹತ್ತಿರ ಸಡಿಲ ಬಟ್ಟೆ, ಹೆಗಲ ಮೇಲಿನ ಟವೆಲ್, ಬೆರಳು ಯಾವುದೂ ಹೋಗಕೂಡದು. ಮುಂಚಕ್ರಕ್ಕೆ ಅಡ್ಡ ಕೊಟ್ಟು, ಒಬ್ಬರು ಸೀಟಿನ ಪಕ್ಕ ನಿಂತು ಕ್ಲಚ್ ಮತ್ತು ಎಂಜಿನ್ ಸ್ವಿಚ್ ನೋಡಿಕೊಳ್ಳಲಿ. ಮೊದಲ ಅಥವಾ ಎರಡನೇ ಗಿಯರ್‌ನಲ್ಲಿ, ಐಡ್ಲಿಂಗಿನಲ್ಲಿ ಮಾತ್ರ ಓಡಲಿ, ರೇಸ್ ಮಾಡಬೇಡಿ. ಎಬಿಎಸ್ ಇರುವ ಬೈಕಿನಲ್ಲಿ ಹಿಂಚಕ್ರ ಮಾತ್ರ ತಿರುಗಿದ್ದಕ್ಕೆ ಎಚ್ಚರಿಕೆ ದೀಪ ಹತ್ತಬಹುದು. ಸಾಮಾನ್ಯವಾಗಿ ಎಂಜಿನ್ ಬಂದ್ ಮಾಡಿ ಮತ್ತೆ ಓಡಿಸಿದಾಗ ಅದು ಆರುತ್ತದೆ.

ಮೆಕ್ಯಾನಿಕ್ ಸ್ಟೆತೊಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಲೋಹಕ್ಕೆ ಒತ್ತಿ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ. ಪಿನಿಯನ್ ಬೇರಿಂಗ್ ಇರುವ ಕೊರಳು, ಕ್ರೌನ್ ಬೇರಿಂಗ್ ಇರುವ ಎರಡೂ ಪಕ್ಕ, ಗಿಯರ್‌ಬಾಕ್ಸಿನ ಔಟ್‌ಪುಟ್ ಕಡೆ, ಮಿಡ್ಲ್ ಗಿಯರ್ ಇದ್ದರೆ ಅದರ ಮುಚ್ಚಳ, ಹೀಗೆ ಜಾಗ ಬದಲಿಸುತ್ತ ಹೋಗಿ. ಸದ್ದು ಲೋಹದುದ್ದಕ್ಕೂ ಹರಿಯುವುದರಿಂದ ‘ಇಲ್ಲಿ ಇದೆ, ಅಲ್ಲಿ ಇಲ್ಲ’ ಎಂಬ ಉತ್ತರ ಸಿಗುವುದಿಲ್ಲ. ಯಾವ ಜಾಗದಲ್ಲಿ ಅದು ಹರಿತವಾಗಿ, ಅಂಚು ಇರುವಂತೆ ಕೇಳಿಸುತ್ತದೆ ಎಂಬುದನ್ನು ಹುಡುಕಬೇಕು. ಹೊರೆಯಿಲ್ಲದೆ ತಿರುಗುವಾಗ ಗಿಯರ್ ಹಲ್ಲಿನ ಸದ್ದು ಅಡಗಿಬಿಡಬಹುದು, ಹಾಳಾದ ಬೇರಿಂಗಿನ ಸದ್ದು ಸಾಮಾನ್ಯವಾಗಿ ಅಡಗುವುದಿಲ್ಲ. ಆದ್ದರಿಂದ ಸ್ಟ್ಯಾಂಡಿನ ಮೇಲೆ ನಿಶ್ಶಬ್ದ ಎಂದ ಮಾತ್ರಕ್ಕೆ ಫೈನಲ್ ಡ್ರೈವ್ ನಿರ್ದೋಷಿ ಎಂದು ತೀರ್ಮಾನಿಸಬೇಡಿ.

ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುವ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಇನ್ನೊಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟರೆ ಗುಳಿಬಿದ್ದ ಬೇರಿಂಗಿನ ಕರಕರ ಬೆರಳತುದಿಗೆ ಕಿವಿಗಿಂತ ಮೊದಲು ತಿಳಿಯುತ್ತದೆ. ಬ್ರೇಕ್ ಪ್ಯಾಡ್ ಉಜ್ಜುವುದೂ ಸಣ್ಣ ಕಿರ್‌ಗುಡುವಿಕೆಯನ್ನು ಉಂಟುಮಾಡುವುದರಿಂದ, ಅನುಮಾನ ಬಂದರೆ ಕ್ಯಾಲಿಪರನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿ ಮತ್ತೆ ತಿರುಗಿಸಿ ನೋಡಿ.

ಆಯಿಲ್ ಹೇಳುವ ಸಾಕ್ಷ್ಯ

ಎಲ್ಲ ಪರೀಕ್ಷೆಗಳ ಪೈಕಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಫೈನಲ್ ಡ್ರೈವಿನ ಆಯಿಲ್ ಮೇಲೆ. ಬೈಕ್ ಓಡಿಸಲು ಯೋಗ್ಯವಾಗಿದ್ದರೆ ಅದನ್ನು ಓಡಿಸಿ ತಂದು, ಆಯಿಲ್ ಬೆಚ್ಚಗಿರುವಾಗಲೇ, ಇಲ್ಲದಿದ್ದರೆ ತಣ್ಣಗಿರುವಾಗಲೇ, ಮೊದಲು ತುಂಬುವ ಬೋಲ್ಟನ್ನು ಸಡಿಲಿಸಿ, ಅದು ಬಿಚ್ಚುತ್ತದೆ ಎಂದು ಖಾತ್ರಿಯಾದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟನ್ನು ತೆಗೆಯಿರಿ. ತುಂಬುವ ಬೋಲ್ಟ್ ಜಾಮ್ ಆಗಿದ್ದು ಕೆಳಗಿನದನ್ನು ಮೊದಲು ತೆಗೆದುಬಿಟ್ಟರೆ ಆಯಿಲ್ ಇಲ್ಲದ ಬೈಕಿನ ಮುಂದೆ ಕುಳಿತಿರಬೇಕಾಗುತ್ತದೆ. ಬಿಳಿಯ ಪಾತ್ರೆಯಲ್ಲಿ ಹಿಡಿದು ಪ್ರಮಾಣವನ್ನು ಅಳೆಯಿರಿ. ಈ ಪೆಟ್ಟಿಗೆಗಳಲ್ಲಿ ಹಿಡಿಯುವುದೇ ಹಲವು ಬೈಕುಗಳಲ್ಲಿ 200 ಮಿಲಿಲೀಟರ್ ಆಸುಪಾಸು. ಅದರಲ್ಲಿ 50 ಕಡಿಮೆ ಬಂದರೂ ಕಾಲು ಭಾಗ ಇಲ್ಲವೆಂದೇ ಅರ್ಥ, ಮತ್ತು ಸದ್ದಿಗೆ ಅದೊಂದೇ ಕಾರಣ ಸಾಕು.

ಡ್ರೈನ್ ಬೋಲ್ಟಿನ ತುದಿಯ ಅಯಸ್ಕಾಂತದ ಮೇಲೆ ಅಂಟಿರುವುದನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ. ಬೂದು ಬಣ್ಣದ, ಬೆಣ್ಣೆಯಂತೆ ನುಣುಪಾದ, ಕಣವೇ ಕೈಗೆ ಸಿಗದ ಲೇಪವಾದರೆ ಅದು ಸಹಜ ಸವೆತ. ಬೆರಳ ನಡುವೆ ಮರಳಿನಂತೆ ಸಿಕ್ಕಿದರೆ, ಬೆಳಕಿಗೆ ಹಿಡಿದಾಗ ತೆಳುವಾದ ಹೊಳೆಯುವ ಹಕ್ಕಳೆಗಳು ಕಂಡರೆ, ಬೇರಿಂಗಿನ ಬಳೆಯ ಮೇಲ್ಮೈ ಕಿತ್ತುಬರುತ್ತಿದೆ. ದಪ್ಪನೆಯ, ಮೂಲೆಗಳಿರುವ ಚೂರು ಗಿಯರ್ ಹಲ್ಲಿನದು. ಅಯಸ್ಕಾಂತಕ್ಕೆ ಅಂಟದ ಹಳದಿ ಲೋಹದ ಕಣ ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಕೇಜಿನದಾಗಿರಬಹುದು. ಉಳಿದ ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ, ಬಿಸಿಲಿನಲ್ಲಿ ಬಟ್ಟೆಯನ್ನು ಓರೆಯಾಗಿ ತಿರುಗಿಸುತ್ತ ನೋಡಿದರೆ ಕಣಗಳು ಮಿನುಗುತ್ತವೆ. ಹಾಲು ಬೆರೆತಂತೆ ಮಸುಕಾಗಿದ್ದರೆ ನೀರು ಸೇರಿದೆ. ಆಳವಾದ ನೀರು ದಾಟಿದ ಮೇಲೆ ಅಥವಾ ಒತ್ತಡದ ನೀರಿನಿಂದ ತೊಳೆದ ಮೇಲೆ ಪೆಟ್ಟಿಗೆಯ ಗಾಳಿಕಿಂಡಿಯ ಮೂಲಕ ಹೀಗಾಗುವುದುಂಟು.

ಆಯಿಲ್ ಶುದ್ಧವಾಗಿದ್ದರೆ, ಮ್ಯಾನ್ಯುಯಲ್‌ನಲ್ಲಿ ಹೇಳಿದ ದರ್ಜೆಯ ಹೊಸ ಆಯಿಲನ್ನು, ಸಾಮಾನ್ಯವಾಗಿ ಜಿಎಲ್-5 ಗುರುತಿನ 75ಡಬ್ಲ್ಯು-90 ಅಥವಾ 80ಡಬ್ಲ್ಯು-90 ಗಿಯರ್ ಆಯಿಲನ್ನು, ಹೊಸ ವಾಷರಿನೊಂದಿಗೆ ತುಂಬಿ ಮತ್ತೆ ರಸ್ತೆಯ ಪರೀಕ್ಷೆ ಮಾಡಿ. ಅಳತೆ ಮೀರಿ ತುಂಬಬೇಡಿ. ಬಿಸಿಯಾಗಿ ಹಿಗ್ಗಿದ ಆಯಿಲ್ ಗಾಳಿಕಿಂಡಿಯಿಂದಲೋ ಸೀಲಿನಿಂದಲೋ ಹೊರಬಂದು ಟೈರಿಗೆ ಹರಿಯಬಹುದು. ಸದ್ದನ್ನು ಅಡಗಿಸಲೆಂದು ಹೆಚ್ಚು ಗಟ್ಟಿಯಾದ ಆಯಿಲ್ ಅಥವಾ ಬಾಟಲಿಯ ಮಿಶ್ರಣಗಳನ್ನು ಹಾಕುವುದನ್ನು ನಾನು ಖಂಡಿತ ವಿರೋಧಿಸುತ್ತೇನೆ. ಹಾಳಾಗುತ್ತಿರುವ ಬೇರಿಂಗ್ ಕೊಡುವ ಏಕೈಕ ಎಚ್ಚರಿಕೆಯನ್ನು ಅವು ಕಿತ್ತುಕೊಳ್ಳುತ್ತವೆ.

ಚಕ್ರ ಬಿಚ್ಚಿದ ಮೇಲೆ

ಸದ್ದು ಟೈರ್ ಬದಲಿಸಿದ ಅಥವಾ ಸರ್ವಿಸ್ ಆದ ಮರುದಿನವೇ ಶುರುವಾಗಿದ್ದರೆ ಗಿಯರ್‌ಗಳನ್ನು ದೂರುವ ಮೊದಲು ಜೋಡಣೆಯನ್ನು ನೋಡಿ. ಸ್ಪೇಸರ್ ಬಿಟ್ಟುಹೋಗಿರಬಹುದು, ಚಕ್ರವನ್ನು ಡ್ರೈವಿಗೆ ಕಚ್ಚಿಸುವ ಹಲ್ಲುಗಳ ಸಾಲು, ಅಂದರೆ ಸ್ಪ್ಲೈನ್, ಪೂರ್ತಿ ಒಳಗೆ ಕೂತಿಲ್ಲದಿರಬಹುದು. ಹಲವು ಜಪಾನಿ ಬೈಕುಗಳಲ್ಲಿ ಫೈನಲ್ ಡ್ರೈವಿನ ನಟ್ಟುಗಳನ್ನು ಸಡಿಲವಾಗಿಟ್ಟು, ಆ್ಯಕ್ಸಲ್ ಬಿಗಿ ಮಾಡಿ ಪೆಟ್ಟಿಗೆ ತಾನಾಗಿ ಸಾಲಿಗೆ ಬಂದ ಮೇಲೆಯೇ ಆ ನಟ್ಟುಗಳನ್ನು ಬಿಗಿಯಬೇಕು; ಕ್ರಮ ಹಿಂದುಮುಂದಾದರೆ ಬೇರಿಂಗ್ ಮತ್ತು ಸ್ಪ್ಲೈನ್ ಓರೆಯಾಗಿ ಎಳೆದಾಡಿಕೊಳ್ಳುತ್ತವೆ. ಎರಡು ಯುನಿವರ್ಸಲ್ ಜಾಯಿಂಟ್ ಇರುವ ಶಾಫ್ಟನ್ನು ಬಿಚ್ಚಿ ಜೋಡಿಸಿದ್ದರೆ ಎರಡೂ ಕವೆಗಳು ಮ್ಯಾನ್ಯುಯಲ್ ಹೇಳಿದ ಹೊಂದಿಕೆಯಲ್ಲಿ ಇರಬೇಕು. ಹೊಂದಿಕೆ ತಪ್ಪಿದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುವ ಬದಲು ಹೆಚ್ಚಿಸುತ್ತದೆ.

ಸ್ಪ್ಲೈನ್ ಹಲ್ಲುಗಳ ಮೇಲೆ ಕೆಂಪು ಪುಡಿ ಕಂಡರೆ ಗ್ರೀಸ್ ಒಣಗಿ ಲೋಹ ಲೋಹಕ್ಕೆ ಉಜ್ಜುತ್ತಿದೆ. ಹಲ್ಲಿನ ತಲೆ ಚಪ್ಪಟೆಯಾಗಿ ಉಳಿದಿದ್ದರೆ ಒರೆಸಿ, ಮಾಲಿಬ್ಡಿನಮ್ ಡೈಸಲ್ಫೈಡ್ ಹೆಚ್ಚಾಗಿರುವ ಪೇಸ್ಟ್ ಹಚ್ಚಿದರೆ ಸಾಕು. ಮೊನಚಾಗಿ ಒಂದು ಕಡೆಗೆ ವಾಲಿದ್ದರೆ ಭಾಗವನ್ನೇ ಬದಲಿಸಬೇಕು. ಒಣಗಿದ ಸ್ಪ್ಲೈನ್ ‘ಕಿರ್’ ಎನ್ನಬಹುದು, ಥ್ರಾಟಲ್ ಬದಲಿಸಿದಾಗ ‘ಟಕ್’ ಎನ್ನಬಹುದು, ಆದರೆ ಎಳೆದ ಗುಂಯ್‌ಕಾರ ಅದರದಾಗಿರುವುದು ಅಪರೂಪ.

ಚಕ್ರವಿಲ್ಲದ ಹಬ್ಬನ್ನು, ಅಂದರೆ ಚಕ್ರ ಕೂರುವ ತಿರುಗುವ ಭಾಗವನ್ನು, ಕೈಯಿಂದ ತಿರುಗಿಸಿ. ಸೀಲಿನ ತಡೆ ಸುತ್ತಿನುದ್ದಕ್ಕೂ ಒಂದೇ ಸಮ ಇರುತ್ತದೆ. ಒಂದು ಜಾಗದಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ ಎನಿಸಿದರೆ ಗಮನಿಸಬೇಕು. ಶಾಫ್ಟ್ ತಿರುಗದಂತೆ ಗಿಯರ್ ಹಾಕಿ, ಹಬ್ಬನ್ನು ಹಿಂದೆ ಮುಂದೆ ಆಡಿಸಿ ಹಲ್ಲುಗಳ ನಡುವಿನ ಸಂದನ್ನು, ಅಂದರೆ ಬ್ಯಾಕ್‌ಲ್ಯಾಶನ್ನು, ಅಂದಾಜು ಮಾಡಿ. ಇದರಲ್ಲಿ ಗಿಯರ್‌ಬಾಕ್ಸಿನ ಸಡಿಲವೂ ಸೇರಿರುತ್ತದಾದ್ದರಿಂದ ಖಚಿತ ಅಳತೆಗೆ ಪಿನಿಯನ್ನನ್ನೇ ಹಿಡಿದಿಟ್ಟು ಡಯಲ್ ಗೇಜ್ ಬಳಸಬೇಕು, ಸುತ್ತಿನ ನಾಲ್ಕು ಜಾಗಗಳಲ್ಲಾದರೂ ಅಳೆದು ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಬೇಕು. ಕಳಚಿದ ಶಾಫ್ಟಿನ ಯುನಿವರ್ಸಲ್ ಜಾಯಿಂಟನ್ನು ಎಲ್ಲ ದಿಕ್ಕಿಗೂ ಬಾಗಿಸಿ ನೋಡಿ. ನಡುಸ್ಥಾನದಲ್ಲಿ ಸಿಕ್ಕಿಕೊಂಡಂತೆ ನಿಂತರೆ ಅದರೊಳಗಿನ ಸೂಜಿ ಬೇರಿಂಗ್ ಗುಳಿ ಮಾಡಿಕೊಂಡಿದೆ.

ಪೆಟ್ಟಿಗೆ ತೆರೆಯುವುದು

ಸದ್ದು ಬೈಕಿನ ವೇಗವನ್ನು ಹಿಂಬಾಲಿಸುತ್ತದೆ, ಹೊರೆಗೆ ಬದಲಾಗುತ್ತದೆ ಅಥವಾ ಬೇರಿಂಗಿನಂತೆ ಗೊರಗೊರ ಎನ್ನುತ್ತದೆ, ಟೈರಿನದಲ್ಲ, ಆಯಿಲಿನಲ್ಲಿ ಕಣಗಳಿವೆ ಅಥವಾ ಹೊಸ ಆಯಿಲ್ ಹಾಕಿದ ಮೇಲೂ ಸದ್ದು ಬಲಿಯುತ್ತಿದೆ ಎಂದಾದ ಮೇಲೆಯೇ ಫೈನಲ್ ಡ್ರೈವ್ ತೆರೆಯುವುದು ನ್ಯಾಯ. ಪುಲ್ಲರ್, ಪ್ರೆಸ್, ಬಿಸಿ ಮಾಡುವ ಸಾಧನ ಮತ್ತು ಶಿಮ್‌ಗಳ ಸೆಟ್ ಇರುವ ಅನುಭವಿಯ ಕೈಗೆ ಇದನ್ನು ಒಪ್ಪಿಸುವುದು ಲೇಸು. ಒಪ್ಪಿಸುವಾಗ ನೀವು ಕಂಡದ್ದನ್ನೆಲ್ಲ ಬರೆದುಕೊಡಿ: ಯಾವ ವೇಗದಲ್ಲಿ, ಥ್ರಾಟಲ್ ಕೊಟ್ಟಾಗಲೋ ಬಿಟ್ಟಾಗಲೋ, ಬೋಲ್ಟಿನ ಅಯಸ್ಕಾಂತದ ಮೇಲೆ ಏನಿತ್ತು, ಎಷ್ಟು ಆಯಿಲ್ ಇಳಿಯಿತು. ‘ಹಿಂದೆ ಏನೋ ಸದ್ದು’ ಎಂಬ ದೂರಿಗಿಂತ ಇದು ಅವರ ಕೆಲಸವನ್ನು ಎಷ್ಟೋ ಸುಲಭಗೊಳಿಸುತ್ತದೆ.

ತೆರೆದಾಗ ಹಲ್ಲುಗಳಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ, ಸ್ವಲ್ಪ ತಡೆ ಕೊಟ್ಟು ಎರಡೂ ದಿಕ್ಕಿಗೆ ತಿರುಗಿಸಿ ಗುರುತನ್ನು ನೋಡಲು ಹೇಳಿ. ಗುರುತು ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲಿ, ಹಲ್ಲಿನ ಅಂಚುಗಳಿಂದ ದೂರವಾಗಿ ಬೀಳಬೇಕು. ಹಲ್ಲಿನ ತುದಿಗೋ ಬುಡಕ್ಕೋ ಜಾರಿದ್ದರೆ ಪಿನಿಯನ್ ಇರಬೇಕಾದ ಆಳದಲ್ಲಿಲ್ಲ. ಉದ್ದದಲ್ಲಿ ಒಂದು ಕೊನೆಗೆ ಜಾರಿದ್ದರೆ ಮೊದಲು ಬ್ಯಾಕ್‌ಲ್ಯಾಶ್ ಪರಿಶೀಲಿಸಬೇಕು. ಬೇರಿಂಗ್ ಮಾತ್ರ ಬದಲಿಸಿದರೂ ಹೊಸದರ ಅಗಲದಲ್ಲಿನ ಸಣ್ಣ ವ್ಯತ್ಯಾಸ ಪಿನಿಯನ್ನನ್ನು ಸರಿಸುವುದರಿಂದ ಶಿಮ್‌ಗಳನ್ನು ಮತ್ತೆ ಅಳೆಯಲೇಬೇಕು. ಕ್ರೌನ್ ಮತ್ತು ಪಿನಿಯನ್ನುಗಳಲ್ಲಿ ಒಂದನ್ನು ಮಾತ್ರ ಬದಲಿಸಲು ಒಪ್ಪಬೇಡಿ. ಜೊತೆಯಾಗಿ ಸವೆದ ಹಲ್ಲುಗಳು ಹೊಸ ಜೊತೆಗಾರನೊಂದಿಗೆ ಹೊಂದುವುದಿಲ್ಲ, ಸದ್ದು ಮತ್ತೆ ಬರುತ್ತದೆ.

ಹೊಸ ಗಿಯರ್ ಅಥವಾ ಬೇರಿಂಗ್ ಹಾಕಿದ ಮೇಲೆ ಆರಂಭದಲ್ಲಿ ದೀರ್ಘಕಾಲ ಒಂದೇ ವೇಗದಲ್ಲಿ ಎಳೆಯುವುದನ್ನು ತಪ್ಪಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಕೂಡಲೇ ಆಯಿಲ್ ಇಳಿಸಿ, ಅಯಸ್ಕಾಂತದ ಲೇಪವನ್ನು ಬೆರಳಲ್ಲಿ ಉಜ್ಜಿ ನೋಡಿ, ಸೀಲಿನ ಸುತ್ತ ಸೋರಿಕೆ ಇದೆಯೇ ಎಂದು ಗಮನಿಸಿ, ಹೊಸ ಆಯಿಲನ್ನು ಅಳತೆಯಷ್ಟೇ ತುಂಬಿ. ಅದೇ ವೇಗದಲ್ಲಿ ಫೋನಿನಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿ ಇಟ್ಟುಕೊಂಡರೆ ಮುಂದೆ ಯಾವಾಗಲಾದರೂ ಅನುಮಾನ ಬಂದಾಗ ಹೋಲಿಸಲು ಒಂದು ಆಧಾರ ನಿಮ್ಮ ಬಳಿ ಇರುತ್ತದೆ.